ಶ್ರಾವಣದ ಮೊದಲ ಶುಕ್ರವಾರ

ಎಲ್ಲದಕ್ಕೂ ಕಾರಣ ತುಂಗಾ ಅಡುಗೆಮನೆಯಲ್ಲಿ ನೇತುಹಾಕಿದ್ದ ಕ್ಯಾಲೆಂಡರು. ತಿಪಟೂರಿನ ತವರಿನಿಂದ ಬಂದದ್ದು. ಅದನ್ನು ನೋಡಿಯೇ ಅವಳ ಗಂಡ ಪಂಢರಿನಾಥ, ಪಾರ್ಕ್ ಎಂಬ ಕೊರಿಯಾದವನ ಸಂಸಾರ ಹೊಸ ಮನೆಗೆ ಹೋಗಲು ಶ್ರಾವಣದ ಮೊದಲ ಶುಕ್ರವಾರವನ್ನು ಗೊತ್ತುಮಾಡಿದ್ದ.

ಚೆನ್ನೈಗೆ ಕೆಲಸಕ್ಕೆ ಬರುವ ವಿದೇಶಿ ಸಂಸಾರಗಳಿಗೆ ಮನೆ ಹುಡುಕಿಕೊಟ್ಟು, ಇಲ್ಲಿನ ರೀತಿನೀತಿ ಕಲಿಸುವ ಕಂಪನಿಯೊಂದರಲ್ಲಿ ಅವನಿದ್ದ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಕೊರಿಯಾದ ಈ ಗಂಡ, ಹೆಂಡತಿ, ಇಬ್ಬರು ಮಕ್ಕಳು ನಗುನಗುತ್ತಾ ಮನೆ ಸೇರಿದರೆ ಖಾಯಂ, ಇಲ್ಲವಾದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಮ್ಯಾನೇಜರ್ ಭಾವನಾ ಮೇಡಂ ಹೇಳಿಬಿಟ್ಟಿದ್ದರು. ಪಾಪ, ತಾನೇ ಚೆನ್ನೈಗೆ ಬಂದು ವರ್ಷ ತುಂಬಿರಲಿಲ್ಲ, ಬಂದವರಿಗೆಲ್ಲ ಚೆನ್ನೈ ಕಲಿಸುತ್ತಿದ್ದ!

ಬೆಸೆಂಟ್ ನಗರದ ಮನೆಯ ಮುಂದೆ ಸಾಮಾನಿನ ಲಾರಿ ನಿಂತಿತು. ಪಾರ್ಕ್ ಹೆಂಡತಿ ಮಿನ್‌ಜಿ, ಪಾಠದಲ್ಲಿ ಹೇಳಿಕೊಟ್ಟಂತೆ ಸೀರೆಯುಟ್ಟು, ಉಕ್ಕಿಸಲು ಹಾಲಿನ ಪಾತ್ರೆ ಹಿಡಿದು ಹೊಸಿಲ ಮುಂದೆ ಬಂದಳು. ಅಷ್ಟರಲ್ಲಿ ಮನೆಯೊಡತಿ ಅಲಮೇಲು ಮಾಮಿ ಬಾಗಿಲಿಗೆ ಅಡ್ಡ ನಿಂತರು. ಕೆಲವು ವರ್ಷ ಬೆಂಗಳೂರಿನಲ್ಲಿದ್ದ ಮಾಮಿಗೆ ಜಗಳಕ್ಕೆ ಸಾಲುವಷ್ಟು ಕನ್ನಡ ಬರುತ್ತಿತ್ತು.

"ಅಯ್ಯಯ್ಯೋ, ಇವತ್ತು ಹಾಲು ಕಾಯಿಸೋದಾ? ಆಡಿ ಮಾಸ ಕಣಪ್ಪಾ! ಆಡಿಯಲ್ಲಿ ಯಾರಾದ್ರೂ ಮನೆ ಬದಲಾಯಿಸ್ತಾರಾ?"

"ಆಷಾಢ ನಿನ್ನೆಗೇ ಮುಗೀತು ಮಾಮಿ. ಇವತ್ತಿಂದ ಶ್ರಾವಣ!" ಎಂದ ಪಂಢರಿ.

"ಅದು ನಿಮ್ಮೂರಲ್ಲಿ. ನಮ್ಮ ತಮಿಳರ ಲೆಕ್ಕದಲ್ಲಿ ಆಡಿ ಶುರುವಾಗಿದ್ದೇ ಮೊನ್ನೆ ಮೊನ್ನೆ. ಇನ್ನೂ ಮೂರು ವಾರ ಇದೆ."

"ಇವರು ಕೊರಿಯಾದೋರು. ಇವರಿಗೆ ಆಡಿನೂ ಇಲ್ಲ, ಆಷಾಢನೂ ಇಲ್ಲ."

"ಇವರಿಗಿಲ್ಲ ಸರಿ. ನನ್ನ ಮನೆಗಿದೆಯಲ್ಲ!"

"ಹೌದು ಮಾರಾಯ್ರೇ," ಎದುರುಮನೆಯ ಉಡುಪಿಯ ರತ್ನಾವತಿ ಒಗ್ಗರಣೆ ಹಾಕಿದರು, "ಹೋದ ವರ್ಷ ಆಡಿಯಲ್ಲಿ ಬಂದವರ ಫ್ರಿಜ್ಜು ಇಡೀ ದಿನ ಲಿಫ್ಟಲ್ಲೇ ಸಿಕ್ಕಿಬಿದ್ದಿತ್ತು, ಗೊತ್ತುಂಟಾ?"

ಪಂಢರಿ ಬೆವರುತ್ತಾ ಇದನ್ನೆಲ್ಲ ಇಂಗ್ಲಿಷಿನಲ್ಲಿ ಮಿನ್‌ಜಿಗೆ ವಿವರಿಸಿದ. ಅವಳು ಮಾಮಿಗೆ ಬಾಗಿ ನಮಸ್ಕರಿಸಿ ಹಿಂದೆ ಸರಿದಳು.

"ಮನೆಯವರ ನಂಬಿಕೆಗೆ ನೋವು ಮಾಡಬಾರದು ಅಂತ ಮೊದಲ ಪಾಠದಲ್ಲೇ ನೀವು ಹೇಳಿದ್ದಿರಿ," ಎಂದಳು.

ಮಾಮಿ ಕರಗಿ ನೀರಾದರು. "ಎಂಥಾ ಹುಡುಗಿ! ಕಲಿಸೋನಿಗೇ ಇಷ್ಟು ಬುದ್ಧಿ ಇಲ್ಲ."

ಅವರು ಅಲ್ಲಿಯವರೆಗೆ ಇದ್ದ ಗೆಸ್ಟ್‌ಹೌಸನ್ನು ಬೆಳಗ್ಗೆಯೇ ಖಾಲಿ ಮಾಡಿಸಿಯಾಗಿತ್ತು. ಸಾಮಾನು ಮಾಮಿಯ ಗ್ಯಾರೇಜು ಸೇರಿತು, ಸಂಸಾರ ಮೈಲಾಪುರದ ಪಂಢರಿಯ ಒಂದೇ ಕೋಣೆಯ ಮನೆ ಸೇರಿತು. ತುಂಗಾ ಬಿಸಿಬೇಳೆಬಾತ್ ಬಡಿಸಿದಳು. ಮಕ್ಕಳು ತಟ್ಟೆ ನೆಕ್ಕಿದವು. ಪಾರ್ಕ್ ಇದ್ದೊಂದು ಮಂಚದ ಮೇಲೆ ಗೊರಕೆ ಹೊಡೆದ.

ಸಂಜೆ ಭಾವನಾ ಮೇಡಂ ಫೋನು ಬಂತು. ಕೆಲಸ ಹೋಯಿತೆಂದುಕೊಂಡೇ ಪಂಢರಿ ಎತ್ತಿದ.

"ಮಿನ್‌ಜಿ ಮೆಸೇಜ್ ಮಾಡಿದ್ರು ಪಂಢರಿನಾಥ್. ಇಲ್ಲಿನೋರ ಮನೆಯಲ್ಲೇ ಇದ್ದು ಕಲಿಯೋದು! ಎಂಥಾ ಐಡಿಯಾ ರೀ ನಿಮ್ದು! ನಿಮ್ಮ ಕೆಲಸ ಖಾಯಂ."

ಪಂಢರಿಗೆ ಕುಣಿಯುವಷ್ಟು ಖುಷಿಯಾಯಿತು.

"ಇನ್ಮೇಲೆ ಬರೋರೆಲ್ಲ ಮೊದಲು ನಿಮ್ಮ ಮನೇಲೇ ಇರ್ಲಿ. ಭಾನುವಾರ ಜರ್ಮನಿಯೋರು ಬರ್ತಿದ್ದಾರೆ. ಐದು ಜನ."

ಸುದ್ದಿ ಕೇಳಿ ತುಂಗಾ ಸೌಟು ಕೆಳಗಿಟ್ಟಳು. "ಸರಿ ರೀ, ಅವರೆಲ್ಲ ಇಲ್ಲೇ ಇರ್ಲಿ. ನಮಗೊಂದು ಮನೆ ನೋಡಿ, ಇವತ್ತೇ."

ಕೆಳಗಿನ ಮನೆ ಹೇಗೂ ಖಾಲಿ ಇತ್ತು. ಪಂಢರಿ ದಡದಡ ಮೆಟ್ಟಿಲಿಳಿದು ಮಾಲೀಕರ ಬಾಗಿಲು ತಟ್ಟಿದ. ಮುದುಕರು ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಅವರು ಹೇಳಿದ್ದು ತಮಿಳಿನಲ್ಲೇ ಆದರೂ ಅವನಿಗೆ ಪೂರಾ ಅರ್ಥವಾಯಿತು.

"ಧಾರಾಳವಾಗಿ ಕೊಡ್ತೀನಪ್ಪಾ. ಆಡಿ ಕಳೀಲಿ."