ಆಸ್ಪತ್ರೆಗೆ ಮೇಲ್ವಿಚಾರಕಿಯಾಗಲು ಹೋದದ್ದು

ಯಲ್ದೂರು ದಾಟಿ ಮಾವಿನ ತೋಪುಗಳ ನಡುವೆ ಒಳಗೆ ಹೋದರೆ ನಮ್ಮೂರು. ಇಲ್ಲಿನ ಆಸ್ಪತ್ರೆಗೆ ತಿಂಗಳಿಗೊಮ್ಮೆ ಕೋಲಾರದ ಕಡೆಯಿಂದ ಮಾನಸಿಕ ಕಾಯಿಲೆಯ ಡಾಕ್ಟರು ಬರುತ್ತಾರೆ. ಅವರು ಬಂದ ದಿನ ಮಾತ್ರೆ ಇರುವುದಿಲ್ಲ, ಮಾತ್ರೆ ಬಂದ ದಿನ ಅವರಿರುವುದಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಊರಿನವರೇ ಒಬ್ಬರು ಬೇಕು, ಸಭೆ ಸೇರಿ ಆರಿಸೋಣ ಎಂದು ಪಂಚಾಯಿತಿಯವರು ಹೇಳಿದಾಗ, ಆ ಒಬ್ಬರು ಯಾರೆಂಬ ಬಗ್ಗೆ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ನಾನು ನಿವೃತ್ತ ಶಿಕ್ಷಕಿ. ಮಹಿಳಾ ಸಂಘದ ಅಧ್ಯಕ್ಷೆ. ಊರಿನಲ್ಲಿ ಮೈಕು ಬೇಡದ ಏಕೈಕ ಭಾಷಣಕಾರ್ತಿ.

"ಆ ವಿಷ್ಯ ನಿಂಗೇನ್ ಗೊತ್ತು?" ಎಂದರು ನಮ್ಮ ಯಜಮಾನರು.

"ಗೊತ್ತಿರೋಕೆ ನಾನೇನು ಡಾಕ್ಟ್ರಾ? ಮೇಲ್ವಿಚಾರಕಿ ಕಣ್ರೀ."

"ಹಂಗಾದ್ರೆ ಸರಿ" ಎಂದು ಅವರು ಪೇಪರಿನೊಳಗೆ ಮುಖ ಇಟ್ಟರು.

ಸಭೆಗೆ ಮೊದಲೇ ಒಮ್ಮೆ ಪರಿಶೀಲನೆ ಮಾಡಿಬಿಡೋಣವೆಂದು, ಡಾಕ್ಟರು ಬರುವ ದಿನ ಜರಿಯಂಚಿನ ಸೀರೆ ಉಟ್ಟು ಹೊರಟೆ. ಆಸ್ಪತ್ರೆಯ ಜಗಲಿಯ ಬೆಂಚಿನ ಮೇಲೆ ಒಂದಷ್ಟು ಜನ ತಲೆ ತಗ್ಗಿಸಿ ಕೂತಿದ್ದರು. ನರ್ಸ್ ಹೊಸ ಹುಡುಗಿ, ಮುಳಬಾಗಿಲಿನ ಕಡೆಯವಳು. ನನ್ನ ಪರಿಚಯ ಅವಳಿಗಿರಲಿಲ್ಲ.

"ಕೂತ್ಕೊಳಿ ಅಮ್ಮ, ಕರೀತೀವಿ."

"ನಾನು ಕೂರೋಕೆ ಬಂದಿಲ್ಲ. ಮೇಲ್ವಿಚಾರಣೆಗೆ ಬಂದಿದ್ದೀನಿ."

"ಆಗ್ಲಿ ಅಮ್ಮ. ಜೊತೆಗೆ ಯಾರಾದ್ರೂ ಬಂದಿದ್ದಾರಾ?"

"ನನಗ್ಯಾಕೆ ಜೊತೆ? ಇಡೀ ಊರನ್ನೇ ನೋಡ್ಕೊಳೋಳು ನಾನು."

ಅವಳು ನನ್ನ ಕೈಗೆ ಒಂದು ಲೋಟ ನೀರು ಕೊಟ್ಟಳು. ಆಮೇಲೆ ಇನ್ನೂ ಮೆತ್ತಗೆ ಕೇಳಿದಳು: "ಎಷ್ಟು ದಿನದಿಂದ ಹಿಂಗೆ ಅನ್ನಿಸ್ತಿದೆ ಅಮ್ಮ?"

ನನ್ನ ಪಿತ್ತ ನೆತ್ತಿಗೇರಿತು. "ನನ್ನೇನು ಹುಚ್ಚಿ ಅಂದ್ಕೊಂಡ್ಯಾ? ಇಲ್ಲಿ ಕೂತಿರೋ ಇವ್ರ ಥರ ಅಲ್ಲ ನಾನು" ಎಂದು ಬೆಂಚಿನ ಕಡೆ ಕೈ ತೋರಿಸಿದೆ. ಹಿಂದಿನ ಬೆಂಚಿನ ಮಕ್ಕಳಿಗೂ ಕೇಳಲೆಂದು ಬೆಳೆಸಿಕೊಂಡ ಗಂಟಲು ಅದು.

ತೋರಿಸಿದ ಕೈ ಅಲ್ಲೇ ನಿಂತಿತು. ಬೆಂಚಿನ ತುದಿಯಲ್ಲಿ ಸೆರಗು ಮುಚ್ಚಿಕೊಂಡು ಕೂತಿದ್ದವಳು ನಮ್ಮ ಹಿಂದಿನ ಬೀದಿಯ ರತ್ನಮ್ಮ. ಅವಳ ತೊಡೆಯ ಮೇಲೆ ಮೊಮ್ಮಗು. ಪಕ್ಕದಲ್ಲಿ ಮಗಳು ಕವಿತಾ, ಹಸಿ ಬಾಣಂತಿ. ಹೆರಿಗೆಯಾದಾಗಿನಿಂದ ಅವಳು ಮಾತಾಡುವುದಿಲ್ಲ, ಮಗುವನ್ನು ಎತ್ತಿಕೊಳ್ಳುವುದಿಲ್ಲ ಎಂದು ಕೇಳಿದ್ದೆ. ಸೋಮಾರಿತನ ಎಂದು ಸಂಘದಲ್ಲಿ ತೀರ್ಪನ್ನೂ ಕೊಟ್ಟಿದ್ದೆ.

ಕವಿತಾ ಎದ್ದು ನಿಂತಳು. ರತ್ನಮ್ಮ ತೆಲುಗಿನಲ್ಲಿ "ಪದಮ್ಮಾ, ಪೋದಾಂ", ನಡಿಯಮ್ಮಾ ಹೋಗೋಣ, ಎಂದು ಮಗಳನ್ನು ಕರೆದುಕೊಂಡು ಹೊರಟೇಹೋದಳು.

"ಬಾಗಿಲವರೆಗೂ ಬಂದು ಬಂದು ವಾಪಸ್ ಹೋಗ್ತಿದ್ರು. ಇವತ್ತೇ ಒಳಗೆ ಬಂದು ಕೂತಿದ್ದು" ಎಂದಳು ನರ್ಸ್. ನೀರಿನ ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು.

ಆದ ಅನಾಹುತವನ್ನು ಸರಿಪಡಿಸಲು ಸಂಜೆ ಒಂದು ಚೀಲ ಮಾವಿನ ಹಣ್ಣು ಹಿಡಿದು ರತ್ನಮ್ಮನ ಮನೆಗೆ ಹೋದೆ. ಅವಳು ಒಳಗೆ ಕರೆಯಲಿಲ್ಲ. ಹೊಸಿಲಾಚೆಯೇ ನಿಂತು, "ನಾನು ಯಾರಿಗೂ ಹೇಳಲ್ಲ ಕಣೇ, ಆಸ್ಪತ್ರೆ ವಿಷ್ಯ ನನ್ನಲ್ಲೇ ಇರತ್ತೆ" ಎಂದು ಭರವಸೆ ಕೊಟ್ಟೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ಎದುರು ಮನೆಯದೂ ತೆರೆಯಿತು.

ರತ್ನಮ್ಮ ಕಣ್ಣು ಮುಚ್ಚಿಕೊಂಡಳು. "ಅಕ್ಕಾ, ಹಣ್ಣು ತಗೊಂಡು ಹೋಗಿ."

ಮನೆಗೆ ಬಂದು ಎಲ್ಲ ಹೇಳಿದೆ. ಯಜಮಾನರು ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. "ಆ ಹುಡುಗಿ ಇನ್ನ ಆಸ್ಪತ್ರೆಗೆ ಹೋಗ್ತಾಳಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಸಭೆಯಲ್ಲಿ ಯಾರೋ ನನ್ನ ಹೆಸರನ್ನೇ ಸೂಚಿಸಿದರು. ಬೇಡವೆನ್ನಲು ಎದ್ದೆ. ಅಷ್ಟರಲ್ಲಿ ಹಿಂದಿನಿಂದ ರತ್ನಮ್ಮ ಎದ್ದು ನಿಂತಳು.

"ಆ ಕೆಲ್ಸ ನಂಗೆ ಕೊಡಿ. ನನ್ ಮಗಳಿಗೆ ಅಲ್ಲಿ ತೋರಿಸ್ಬೇಕು. ಮಾತ್ರೆ ಬಂತೋ ಇಲ್ವೋ ಅಂತ ನನಗಿಂತ ಜಾಸ್ತಿ ಯಾರು ನೋಡ್ತಾರೆ? ಹೆಂಗೂ ಊರಿಗೆಲ್ಲ ಗೊತ್ತಾಗೋಗಿದೆ. ಇನ್ನ ಯಾಕೆ ಮುಚ್ಚಿಡ್ಲಿ?"

ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ನೆಲ ನೋಡುತ್ತಲೇ ಎತ್ತಿದೆ. ಸಭೆ ಮುಗಿದ ಮೇಲೆ ಅವಳ ಹತ್ತಿರ ಹೋಗಿ, ಏನಾದರೂ ಕೆಲಸ ಹೇಳು ಎಂದೆ.

ರತ್ನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕವಿತಾ ಜೊತೆ ನಾನು ಒಳಗೆ ಹೋಗ್ಬೇಕು. ಅಲ್ಲೀವರೆಗೂ ಮಗೂನ ಎತ್ಕೊಂಡು ಆಚೆ ನಿಂತಿರಿ. ಮಾತಾಡ್ಬೇಡಿ ಅಕ್ಕಾ, ಎದ್ದುಬಿಡತ್ತೆ."

ಮುಂದಿನ ತಿಂಗಳು ಆಸ್ಪತ್ರೆಯ ಮುಂದಿನ ಹೊಂಗೆ ಮರದ ಕೆಳಗೆ ಮಗುವನ್ನು ಎತ್ತಿಕೊಂಡು ನಿಂತೆ. ಒಳಗೆ ಬಹಳ ಹೊತ್ತಾಯಿತು. ಹೋಗುವವರು ಬರುವವರು, "ಏನ್ ಟೀಚರಮ್ಮ, ಇಲ್ಲಿ?" ಎಂದು ಕೇಳಿದರು. ತಲೆಯಾಡಿಸಿದೆ. ಅಷ್ಟರಲ್ಲಿ ಮಗು ನಿದ್ದೆಯಲ್ಲೇ ನನ್ನ ಸೀರೆಯನ್ನು ನೆನೆಸಿತು. ತುಟಿಪಿಟಕ್ಕೆನ್ನಲಿಲ್ಲ.

ಕವಿತಾ ತಾಯಿಯ ಜೊತೆ ಹೊರಗೆ ಬಂದಳು. ನನ್ನ ಮುಖ ನೋಡಲಿಲ್ಲ. ಮಗುವಿಗೆ ಕೈ ಚಾಚಿದಳು. ಕೊಟ್ಟೆ. ಮಹಿಳಾ ಸಂಘದ ಅಧ್ಯಕ್ಷೆಯವರು ಒದ್ದೆ ಸೀರೆಯಲ್ಲಿ, ತಾಯಿ ಮಗಳಿಂದ ಸ್ವಲ್ಪ ಹಿಂದೆ, ಬಾಯಿ ಮುಚ್ಚಿಕೊಂಡು ಮನೆಗೆ ನಡೆದರು.