ಸ್ಪ್ರಿಂಗಿಗೆ ಬಿದ್ದ ನಾಲಬಂದರ ಗಂಟು

ಇಳಕಲ್ಲಿನ ನಾಲಬಂದ ಮನೆತನವೆಂದರೆ ಸಾಮಾನ್ಯದ್ದಲ್ಲ. ಜಲಾಲುದ್ದೀನರ ಮುತ್ತಜ್ಜ ಬಂದೇನವಾಜ, ಹುನಗುಂದದ ಸಂತೆಯಲ್ಲಿ ಒಂದೇ ದಿನ ನಲವತ್ತು ಎತ್ತುಗಳ ಗೊರಸಿಗೆ ನಾಲ ಬಡಿದು, ನಲವತ್ತೊಂದನೆಯ ಎತ್ತು ಬರಲಿಲ್ಲವೆಂದು ಸಿಟ್ಟಾಗಿ ರಾತ್ರಿ ಊಟ ಬಿಟ್ಟವನು. ಅಜ್ಜ ರಮಜಾನ, ಐಹೊಳೆ ಕಡೆಯ ಒಂದು ಹೋರಿಯನ್ನು ಕೆಡವಿದವನು. ಆ ಹೋರಿ ಮೂವರು ಪೈಲ್ವಾನರನ್ನು ಬೇಲಿಯಾಚೆ ಒಗೆದು ನಾಲ್ಕನೆಯವನ ದಾರಿ ಕಾಯುತ್ತ ನಿಂತಿತ್ತಂತೆ. ರಮಜಾನ ಬಂದ, ಹಗ್ಗ ಹಾಕಿದ, ಹೋರಿ ಮಲಗಿತು. ಎದ್ದಾಗ ಅದರ ಕಾಲಲ್ಲಿ ನಾಲವಿತ್ತು, ಮುಖದಲ್ಲಿ ನಾಚಿಕೆಯಿತ್ತು. ತಂದೆ ಹುಸೇನಸಾಬ, ಅಮೀನಗಡದ ಹತ್ತಿರ ಅಡಿಯ ಸ್ಪ್ರಿಂಗ್ ಪಟ್ಟಾ ಮುರಿದು ನಿಂತ ಬಸ್ಸಿಗೆ ಜಾಲಿ ಕಟ್ಟಿಗೆ ಬಿಗಿದು ಅರವತ್ತು ಮಂದಿಯನ್ನು ಊರು ಮುಟ್ಟಿಸಿದವರು. ಅಷ್ಟೆಲ್ಲ ಮಾಡಿದ ಮೇಲೂ ತಮ್ಮನ್ನು ಟಿಕೆಟ್ ಕೇಳಿದ ಕಂಡಕ್ಟರನನ್ನು ಅವರು ಸಾಯುವ ತನಕ ಕ್ಷಮಿಸಲಿಲ್ಲ.

ಇಂಥವರ ವಂಶದಲ್ಲಿ ಹುಟ್ಟಿದ ಜಲಾಲುದ್ದೀನರು ನಾಲ್ಕನೆಯ ಇಯತ್ತೆಗೇ ಸಾಲೆಗೆ ಸಲಾಮು ಹೊಡೆದು, ನಲವತ್ತು ವರ್ಷ ಊರಿನ ಮಗ್ಗ, ಪಂಪ್‌ಸೆಟ್, ಹಿಟ್ಟಿನ ಗಿರಣಿಗಳನ್ನು ರಿಪೇರಿ ಮಾಡಿದವರು. ಯಾರ ಕೈಕೆಳಗೂ ಕಲಿಯಲಿಲ್ಲ. "ಕಲಿಸಾವ ಒಬ್ಬ ಇದ್ರ ಅವನ ತಪ್ಪೂ ಕಲೀಬೇಕಾಗತೈತಿ" ಎಂಬುದು ಅವರ ಸಿದ್ಧಾಂತ. ತಪ್ಪುಗಳನ್ನೆಲ್ಲ ಅವರು ಸ್ವಂತವಾಗಿಯೇ ಕಂಡುಹಿಡಿದುಕೊಂಡಿದ್ದರು.

ಅವರ ಬಳಿ ಹದಿನೆಂಟು ವರ್ಷದ ಒಂದು ಬಿಳಿ ಕಾರಿತ್ತು. ಎಂಜಿನ್ ಗಟ್ಟಿ, ಬ್ರೇಕು ಗಟ್ಟಿ, ಹಾರ್ನು ಇನ್ನೂ ಗಟ್ಟಿ. ಆದರೆ ನಾಲ್ಕೂ ಶಾಕ್ ಅಬ್ಸಾರ್ಬರುಗಳ ಜೀವ ಹೋಗಿತ್ತು. ರಸ್ತೆಯಲ್ಲಿ ಒಂದು ಉಬ್ಬು ದಾಟಿದರೆ ಸಾಕು, ಮುಂದಿನ ಊರು ಬರುವ ತನಕ ಕಾರು ಕೀರ್ತನೆ ಕೇಳುವ ಮುದುಕನಂತೆ ತಲೆದೂಗುತ್ತಿತ್ತು. ಜಲಾಲುದ್ದೀನರಿಗೆ ಅದು ರೂಢಿಯಾಗಿಬಿಟ್ಟಿತ್ತು. ಅಲುಗದ ಕಾರಿನಲ್ಲಿ ಕೂತರೆ ಅವರಿಗೆ ಗಾಡಿ ನಿಂತಿದೆಯೆಂದೇ ಅನಿಸುತ್ತಿತ್ತು.

ಇದೆಲ್ಲ ಹೀಗೇ ನಡೆದಿರುತ್ತಿತ್ತು. ಆದರೆ ಸೋಮವಾರ ಗುಳೇದಗುಡ್ಡದಿಂದ ಬೀಗರಾದ ಜಾಫರಸಾಬರ ಫೋನು ಬಂತು. ಜಲಾಲುದ್ದೀನರ ಒಬ್ಬಳೇ ಮಗಳು ಖುಶನುಮಾಳನ್ನು ಕೊಟ್ಟದ್ದು ಅವರ ಮಗನಿಗೆ. ಹುಡುಗಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲು ಹೆರಿಗೆ, ತವರಿಗೆ ಕರೆತರಬೇಕು.

"ಶುಕ್ರವಾರ ನಮಾಜ್ ಆದ ಮ್ಯಾಲ ಬಂದು ಕರಕೊಂಡ ಹೋಗ್ರಿ ಬೀಗರ," ಎಂದರು ಜಾಫರಸಾಬ. "ಖರೆ ಒಂದ್ ಮಾತು. ಆ ಗಾಡಿ ತರಬ್ಯಾಡ್ರಿ."

"ಯಾಕ್ರಿ? ಗಾಡಿಗೇನಾಗೈತಿ?"

"ಗಾಡಿಗೇನೂ ಆಗಿಲ್ರಿ, ಆಗೂದೆಲ್ಲ ಒಳಗ ಕುಂತವರಿಗೆ. ಹೋದ ಸಲ ನಾ ನಿಮ್ಮ ಕೂಡ ಹುನಗುಂದ ತನಕ ಬಂದಿದ್ನೆಲ್ರಿ? ಎರಡ ದಿನ ಕುರ್ಚಿ ಮ್ಯಾಲ ಕುಂತು ನಮಾಜ್ ಮಾಡೀನಿ. ಸೊಸಿ ಅದರಾಗ ಕುಂತ್ರ ಕೂಸು ಅಮೀನಗಡ ತನಕಾನೂ ಹೊಟ್ಟ್ಯಾಗ ನಿಲ್ಲೂದಿಲ್ಲ. ಬೇಕಾದ್ರ ನಾನ ಒಂದ್ ಛಲೋ ಗಾಡಿ ಮಾಡಿ ಕಳಸ್ತೇನಿ."

ಜಲಾಲುದ್ದೀನರ ಕಿವಿ ಕಮ್ಮಾರನ ಕುಲುಮೆಯಾಯಿತು. ಮಗಳನ್ನು ತವರಿಗೆ ಕರೆತರುವುದು ಅಪ್ಪನ ಹಕ್ಕು. ಆ ಹಕ್ಕಿಗೆ ಬೀಗರು ಬಾಡಿಗೆ ಗಾಡಿ ಕಳಿಸುವುದೆಂದರೆ, ಊಟಕ್ಕೆ ಕರೆದವನ ಮನೆಗೆ ಬುತ್ತಿ ಕಟ್ಟಿಕೊಂಡು ಹೋದಂತೆ. ಫೋನು ಇಟ್ಟವರೇ ಹೆಂಡತಿ ಜೋಹರಾಳ ಮುಂದೆ ನಿಂತು ಘೋಷಿಸಿದರು.

"ಶುಕ್ರವಾರ ನನ್ನ ಮಗಳು ನನ್ನ ಗಾಡ್ಯಾಗ ಬರ್ತಾಳ. ತುಂಬಿದ ಚಾದ ಬಟ್ಲ ಕೈಯಾಗ ಹಿಡಕೊಂಡು ಬರ್ತಾಳ. ಒಂದ್ ಹನಿ ಚೆಲ್ಲಿದ್ರ ನಾ ನಾಲಬಂದ ಅಲ್ಲ."

"ಬಟ್ಲ ಯಾಕ್ರಿ?" ಎಂದಳು ಜೋಹರಾ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತ. "ಹುಡುಗಿ ಒಬ್ಬಾಕಿ ಬಂದ್ರ ಸಾಕು."

ಮಂಗಳವಾರ ಹುನಗುಂದ ರಸ್ತೆಯ ಮೆಕ್ಯಾನಿಕ್ ಕಲ್ಲೇಶನ ಹತ್ತಿರ ಹೋದರು. ಕಲ್ಲೇಶ ಕಾರಿನ ಬಾನೆಟ್ಟನ್ನು ಒಮ್ಮೆ ಒತ್ತಿ ಕೈಬಿಟ್ಟ. ಕಾರು ಕುಣಿಯತೊಡಗಿತು. ಅವನು ಎಲೆಗೆ ಸುಣ್ಣ ಹಚ್ಚಿ, ಮಡಿಚಿ, ಬಾಯಿಗಿಟ್ಟುಕೊಂಡ ಮೇಲೂ ಅದು ಕುಣಿಯುತ್ತಲೇ ಇತ್ತು.

"ನಾಕೂ ಹೋಗ್ಯಾವ್ರಿ ಚಾಚಾ. ಸಾಮಾನು ಅದಾವು, ಖರೆ ಶನಿವಾರ ತನಕ ನನ್ನ ಕೈ ಖಾಲಿ ಇಲ್ಲ."

"ಸಾಮಾನು ಕೊಡು. ಕೈ ನನ್ನವು ಅದಾವು."

"ಹಿಂದಿನ ಎರಡು ನೀವು ಹಾಕ್ತೀರಿ ಬಿಡ್ರಿ. ಮುಂದಿನವು ಸ್ಟ್ರಟ್. ಶಾಕಿಗೆ ದಪ್ಪ ಸ್ಪ್ರಿಂಗ್ ಸುತಗೊಂಡಿರತೈತಿ. ಅದನ್ನ ಒತ್ತಿ ಹಿಡಿಯೂ ಕೊಂಡಿ ಬ್ಯಾರೇನ ಬರ್ತಾವು. ಕೊಂಡಿ ಇಲ್ದ ಬಿಚ್ಚಿದ್ರ ಹುಚ್ಚ ಹೋರಿ ಬಿಟ್ಟಂಗ."

ಕಲ್ಲೇಶ ಬೇರೆ ಏನಾದರೂ ಉಪಮೆ ಕೊಟ್ಟಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

"ಲೇ ಕಲ್ಲೇಶಿ," ಎಂದರು ಜಲಾಲುದ್ದೀನರು, "ಹೋರಿ ಕಟ್ಟೂದು ನಾಲಬಂದರಿಗೆ ಹೇಳಾಕ ಬಂದಿ ಏನು?"

ಬುಧವಾರ ಬೆಳಗಿನ ನಮಾಜು ಮುಗಿಸಿ ಬಂದವರೇ ಲುಂಗಿ ಎತ್ತಿಕಟ್ಟಿ ಅಂಗಳಕ್ಕೆ ಇಳಿದರು. ಹಿಂದಿನ ಎರಡು ಶಾಕುಗಳು ಹತ್ತು ಗಂಟೆಗೇ ಮುಗಿದವು. ತುಕ್ಕು ಹಿಡಿದ ಒಂದು ಬೋಲ್ಟು ಮಾತ್ರ ತುಸು ಹಟ ಮಾಡಿತು. ಜಲಾಲುದ್ದೀನರು ಅದಕ್ಕೆ ಅದರ ಹುಟ್ಟಿನ ಬಗ್ಗೆ ನಾಲ್ಕು ಮಾತು ಹೇಳಿ ನೆತ್ತಿಯ ಮೇಲೆ ಎರಡು ಏಟು ಕೊಟ್ಟ ಮೇಲೆ ಅದೂ ಬುದ್ಧಿ ಕಲಿಯಿತು. ಹಳೆಯ ಶಾಕನ್ನು ಎತ್ತಿ ಹೆಂಡತಿಗೆ ತೋರಿಸಿದರು.

"ಇಷ್ಟ ನೋಡು. ಇದಕ್ಕ ಆ ಕಲ್ಲೇಶಿ ಶನಿವಾರ ತನಕ ಟೈಮ್ ಕೇಳ್ತಾನ."

"ಮುಂದಿನವೂ ಹಿಂಗ ಅದಾವೇನ್ರಿ?"

"ಮುಂದಿನವು ಅಂದ್ರ ಹಿಂದಿನವು ಮುಂದ ಇದ್ದಂಗ."

ಮುಂದಿನವು ಹಾಗಿರಲಿಲ್ಲ. ಕಾರಿನ ಮೂತಿಯನ್ನು ಕಲ್ಲುಗಳ ಮೇಲೆ ಕೂರಿಸಿ, ಎಡಗಡೆಯ ಗಾಲಿ ತೆಗೆದು, ಸ್ಟ್ರಟ್ಟನ್ನು ಹೊರಗೆಳೆದಾಗ ಅದು ಆಳಿನ ತೊಡೆ ಗಾತ್ರವಿತ್ತು. ಸ್ಪ್ರಿಂಗು ಒಳಗೇ ಹಲ್ಲು ಕಡಿಯುತ್ತ ಕೂತಂತಿತ್ತು. ಜಲಾಲುದ್ದೀನರು ನಕ್ಕರು. ಅಂಗಳದ ಮೂಲೆಯಲ್ಲಿ ಮುರಿದ ಮಗ್ಗದ ಕಬ್ಬಿಣದ ಚೌಕಟ್ಟೊಂದು ನಿಂತಿತ್ತು. ಸ್ಟ್ರಟ್ಟನ್ನು ಅದರೊಳಗೆ ನಿಲ್ಲಿಸಿ, ಮೇಲಿನಿಂದ ಜಾಕ್ ಕೊಟ್ಟು ತಿರುವಿದರು. ಸ್ಪ್ರಿಂಗು ಮುಲುಗಿತು, ಕುಗ್ಗಿತು. ಇನ್ನು ಅದು ಹಾಗೆಯೇ ಕುಗ್ಗಿರುವಂತೆ ಕಟ್ಟಬೇಕು. ಒಳಗೆ ಹೋಗಿ ಟ್ರಂಕಿನ ತಳದಿಂದ ಅಜ್ಜನ ಕೆಡವುವ ಹಗ್ಗವನ್ನು ತಂದರು.

ಆ ಹಗ್ಗದ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಲ ಬಡಿಯುವಾಗ ಎತ್ತನ್ನು ನೆಲಕ್ಕೆ ಕೆಡವಿ, ಕಾಲು ಕೂಡಿಸಿ ಕಟ್ಟುತ್ತಾರೆ. ಕಟ್ಟಿದ್ದು ಎಷ್ಟು ಬಿಗಿಯಿರಬೇಕೆಂದರೆ ಎತ್ತು ಉಸಿರಾಡಬಹುದು, ಅಷ್ಟೇ. ಆದರೆ ನಾಲ ಬಡಿದಾದ ಕೂಡಲೇ ಅದು ಎದ್ದು ನಿಲ್ಲಬೇಕು. ಬಿದ್ದ ಎತ್ತು ಹೆಚ್ಚು ಹೊತ್ತು ಮಲಗಿದರೆ ಅದರ ಹೊಟ್ಟೆಗೆ ಕೇಡು. ಅದಕ್ಕೇ ನಾಲಬಂದರ ಗಂಟು ಎಷ್ಟು ಒದ್ದಾಡಿದರೂ ಬಿಚ್ಚುವುದಿಲ್ಲ, ಹಗ್ಗದ ಬಾಲವನ್ನು ಒಮ್ಮೆ ಜಗ್ಗಿದರೆ ಮಾತ್ರ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಜಲಾಲುದ್ದೀನರ ಕೈಗೆ ಬರುತ್ತಿದ್ದದ್ದು ಅದೊಂದೇ ಗಂಟು. ಲುಂಗಿಗೂ ಅದೇ, ಜೋಳದ ಚೀಲಕ್ಕೂ ಅದೇ.

ಸ್ಪ್ರಿಂಗಿಗೆ ಆರು ಸುತ್ತು ಸುತ್ತಿದರು. ಗಂಟು ಹಾಕಿದರು. ಜಾಕ್ ಸಡಿಲಿಸಿದರು. ಸ್ಪ್ರಿಂಗು ಅಲುಗಲಿಲ್ಲ. ಮೇಲಿನ ನಟ್ಟು ಬಿಚ್ಚಿ ಹಳೆಯ ಶಾಕನ್ನು ಎಳೆದು ತೆಗೆದರು. ಕಟ್ಟಿದ ಸ್ಪ್ರಿಂಗು ಅಂಗಳದ ಹಾಸುಗಲ್ಲಿನ ಮೇಲೆ ಮಲಗಿತು, ಥೇಟ್ ಐಹೊಳೆಯ ಹೋರಿಯಂತೆ. ಹಗ್ಗದ ಬಾಲ ಅಂಗಳಕ್ಕೆ ಅಡ್ಡವಾಗಿ ನಳದ ತನಕ ಚಾಚಿಕೊಂಡಿತ್ತು.

"ಮೊದಲ ಊಟ," ಎಂದು ಒಳಗೆ ಹೋದರು. ಗೆದ್ದವನ ಹಸಿವೇ ಬೇರೆ. ಮೂರನೆಯ ರೊಟ್ಟಿಯ ಅರ್ಧವನ್ನು ಪುಂಡಿಪಲ್ಯದ ಸಮೇತ ಬಾಯಿಗಿಟ್ಟುಕೊಂಡು, ತಮ್ಮ ಕೆಲಸವನ್ನು ಇನ್ನೊಮ್ಮೆ ನೋಡಿ ಸಂತೋಷಪಡಲು ಹೊಸ್ತಿಲಿಗೆ ಬಂದರು. ಅಷ್ಟರಲ್ಲಿ ನಾಲ್ಕು ದಿನಕ್ಕೊಮ್ಮೆ ಬರುವ ನೀರು ನಳಕ್ಕೆ ಬಂದಿತ್ತು. ಜೋಹರಾ ಕೊಡ ಹಿಡಿದು ನಳದ ಹತ್ತಿರ ನಿಂತಿದ್ದಳು. ಹಗ್ಗ ಅವಳ ಕಾಲಿಗೆ ತೊಡಕಾಯಿತು. ಅವಳು ಬಗ್ಗಿ ಹಗ್ಗದ ಬಾಲವನ್ನು ಎರಡು ಬೆರಳಲ್ಲಿ ಹಿಡಿದಳು.

ಜಲಾಲುದ್ದೀನರು "ಜಗ್ಗಬ್ಯಾಡ" ಎಂದರು. ರೊಟ್ಟಿಯ ಆಚೆ ಅದು "ಮ್ಮ್‌ಗ್ಬ್ಯಾ" ಎಂದಷ್ಟೇ ಕೇಳಿಸಿತು.

ಜೋಹರಾ ಜಗ್ಗಿದಳು. ಗಂಟು ಮನೆತನದ ಮರ್ಯಾದೆಯನ್ನು ಕಾಪಾಡಿತು. ಒಂದೇ ಜಗ್ಗಿಗೆ ಮಲ್ಲಿಗೆ ಮೊಗ್ಗಿನಂತೆ ಬಿಚ್ಚಿತು. ಸ್ಪ್ರಿಂಗು ಎದ್ದಿತು. ಹಾಸುಗಲ್ಲಿಗೆ ಒಂದು ಒದೆ ಕೊಟ್ಟು ಕಾರಿನ ಕನ್ನಡಿಯನ್ನು ಹಾರಿಸಿ, ಬಾನೆಟ್ಟಿನ ಮೇಲೆ ತಗ್ಗು ಬೀಳುವಷ್ಟು ಜೋರಾಗಿ ಒಮ್ಮೆ ಕುಪ್ಪಳಿಸಿ, ಗೋಡೆ ದಾಟಿ ಪಕ್ಕದ ದುರ್ಗಪ್ಪನ ಮನೆಯ ಕಡೆಗೆ ಹೋಯಿತು. ಆ ಕಡೆಯಿಂದ ಥಪ್ ಎಂಬ ದಪ್ಪ ಸದ್ದು ಬಂತು.

ಆಮೇಲೆ ದುರ್ಗಪ್ಪನ ಹೆಂಡತಿ ಬಾಳಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು. ಮೊಣಕೈ ತನಕ, ಮೂಗಿನ ತುದಿಗೆ, ಕುಂಕುಮದ ಮೇಲೆ, ಎಲ್ಲಾ ಕಡೆ ಸಂಡಿಗೆ ಹಿಟ್ಟು. ಎರಡೂ ಕೈಯಲ್ಲಿ ಹಿಟ್ಟು ಸುರಿಯುವ ಸ್ಪ್ರಿಂಗು.

"ಜೋಹರಕ್ಕಾ," ಎಂದಳು, "ಇಷ್ಟ ದೊಡ್ಡ ಚಕ್ಕಲಿ ನಿಮ್ಮ ಮನ್ಯಾಗ ಯಾರು ಮಾಡಿದ್ರವಾ?"

ಜೋಹರಾ ಗಂಡನ ಕಡೆ ನೋಡಿದಳು. ಜಲಾಲುದ್ದೀನರು ರೊಟ್ಟಿ ನುಂಗಿ ಸಿಡಿದರು.

"ನಿನಗ ಕಣ್ಣಿಲ್ಲೇನು? ಕಟ್ಟಿದ ಹಗ್ಗ ಜಗ್ಗತಾರೇನು?"

"ದಾರ್ಯಾಗ ಬಿದ್ದಿತ್ತು, ಜಗ್ಗಿದೆ. ಜಗ್ಗಿದ್ರ ಬಿಚ್ಚೂ ಗಂಟು ನೀವ್ ಯಾಕ ಹಾಕಿದ್ರಿ?"

"ಇದು ಮೂರು ತಲೆಮಾರಿನ ಗಂಟು!"

"ಎತ್ತು ಏಳಲಿ ಅಂತ ಹಾಕೂ ಗಂಟು ಅಂತ ನೀವ ಯಾವಾಗ್ಲೂ ಹೇಳ್ತೀರಿ. ಎದ್ದಿತು. ಈಗ ನನ್ನ ಯಾಕ ಬೈತೀರಿ?"

ಮೂರು ತಲೆಮಾರಿನಲ್ಲಿ ನಾಲಬಂದರಿಗೆ ಇಂಥ ಪ್ರಶ್ನೆಯನ್ನು ಯಾವ ಎತ್ತೂ ಕೇಳಿರಲಿಲ್ಲ. ಜಲಾಲುದ್ದೀನರು ಸ್ಪ್ರಿಂಗನ್ನು ಇಸಿದುಕೊಂಡು, ಅದಕ್ಕೆ ಮೆತ್ತಿದ್ದ ಹಿಟ್ಟನ್ನು ನಳದ ಕೆಳಗೆ ತೊಳೆಯುತ್ತ, ಯಾರ ಮುಖವನ್ನೂ ನೋಡದೆ ಕೂತರು.

ಗುರುವಾರ ಮುಂಜಾನೆ ಕಲ್ಲೇಶ ಬಂದ. ಸ್ಪ್ರಿಂಗಿನ ಸುದ್ದಿ ಸ್ಪ್ರಿಂಗಿಗಿಂತ ದೂರ ಹಾರಿತ್ತು. ಅವನ ಕೈಯಲ್ಲಿ ಉದ್ದ ತಿರುಪಿನ ಎರಡು ಕಬ್ಬಿಣದ ಕೊಂಡಿಗಳಿದ್ದವು.

"ಹತ್ತ ನಿಮಿಷದ ಕೆಲಸ ಚಾಚಾ. ಸರೀರಿ, ನಾ ಮಾಡ್ತೇನಿ."

"ನೀ ಬ್ಯಾಡ. ಸಾಮಾನು ಇಟ್ಟ ಹೋಗು."

ಕಲ್ಲೇಶ ಹೋದ ಮೇಲೆ ಕೊಂಡಿಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಸ್ಪ್ರಿಂಗಿನ ಆ ಬದಿಗೊಂದು ಈ ಬದಿಗೊಂದು ಹಚ್ಚಿ ತಿರುಪು ಬಿಗಿದರೆ ಅದು ಸದ್ದಿಲ್ಲದೆ ಕುಗ್ಗಿತು. "ಇದು ನಮ್ಮ ಅಜ್ಜನ ವಿಚಾರಾನ," ಎಂದು ಜೋಹರಾಳಿಗೆ ಕೇಳುವಂತೆ ಹೇಳಿಕೊಂಡರು. "ಕಬ್ಬಿಣದಾಗ ಮಾಡ್ಯಾರ ಅಷ್ಟ."

ಇಡೀ ದಿನ ಹಿಡಿಯಿತು. ಆದರೆ ಬಿಸಿಲು ಇಳಿಯುವ ಹೊತ್ತಿಗೆ ಎರಡೂ ಸ್ಟ್ರಟ್ಟುಗಳು ಕೂತಿದ್ದವು, ಎರಡೂ ಗಾಲಿ ಬಿಗಿದಿದ್ದವು. ಜಲಾಲುದ್ದೀನರು ಎಡಗಡೆಯ ಗಾಲಿಯ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತು, ಕಲ್ಲು ಸರಿಸಿ, ಜಾಕನ್ನು ಮೆಲ್ಲಗೆ ಇಳಿಸಿದರು. ಕಾರು ಗರ್ಭಿಣಿಯಂತೆ ನಿಧಾನಕ್ಕೆ ನೆಲಕ್ಕಿಳಿದು ಸುಮ್ಮನೆ ನಿಂತಿತು. ಅವರ ಕಣ್ಣಲ್ಲಿ ನೀರಾಡಿತು.

"ತಗೊ, ಜಾಕ್ ಒಳಗಿಡು," ಎಂದು ಹೆಂಡತಿಗೆ ಕೊಟ್ಟರು. "ನಾಳೆ ಆ ಜಾಫರಸಾಬಗ ತೋರಸ್ತೇನಿ."

ಜೋಹರಾ ಒಳಗೆ ಹೋದಳು. ಜಲಾಲುದ್ದೀನರು ಏಳಲು ಹೋದರು. ಏಳಲಾಗಲಿಲ್ಲ. ನೋಡಿದರೆ ಲುಂಗಿಯ ಮುಕ್ಕಾಲು ಪಾಲು ಕಾರಿನ ಗಾಲಿಯಡಿ ಇತ್ತು. ಜಗ್ಗಿದರು, ಬರಲಿಲ್ಲ. ಇನ್ನೂ ಜೋರಾಗಿ ಜಗ್ಗಿದರು, ಸೊಂಟದ ಗಂಟು ಬಿಚ್ಚಿತು. ಈಗ ಎದ್ದರೆ ಲುಂಗಿ ಕಾರಿಗೆ, ಪಟ್ಟೆಪಟ್ಟೆ ಚಡ್ಡಿ ಊರಿಗೆ. ಜೋಹರಾಳನ್ನು ಕೂಗಲು ಬಾಯಿ ತೆರೆದರು.

ಅದೇ ಹೊತ್ತಿಗೆ ಗೇಟಿನ ಮುಂದೆ ಒಂದು ಹೊಸ ಬಾಡಿಗೆ ಕಾರು ಬಂದು ನಿಂತಿತು. ಮುಂದಿನಿಂದ ಇಸ್ತ್ರಿ ಮಾಡಿದ ಜುಬ್ಬಾದ ಜಾಫರಸಾಬರು ಇಳಿದರು. ಹಿಂದಿನಿಂದ, ಹೊಟ್ಟೆಗೆ ಕೈ ಆನಿಸಿಕೊಂಡು ಖುಶನುಮಾ ಇಳಿದಳು.

"ಜೋಹರಾಬಿ ನಿನ್ನೆ ಫೋನ್ ಮಾಡಿದ್ರು," ಎಂದರು ಜಾಫರಸಾಬ. "ಸ್ಪ್ರಿಂಗ್ ಹಾರಿದ್ದು ಹೇಳಿದ್ರು. ನಾಳೆ ತನಕ ಯಾಕ ಕಾಯೂದು ಅಂತ ನಾನ ಕರಕೊಂಡ ಬಂದೆ."

ಬೀಗರು ಮನೆಗೆ ಬಂದರೆ ಎದ್ದು ಗೇಟಿಗೆ ಹೋಗಿ ಎರಡೂ ಕೈ ಹಿಡಿದು ಕರೆತರಬೇಕು. ಕೂತಲ್ಲೇ ಬರಮಾಡಿಕೊಂಡರೆ ಆ ಮಾತು ಗುಳೇದಗುಡ್ಡದಲ್ಲಿ ಮೊಮ್ಮಕ್ಕಳ ಮದುವೆಯ ತನಕ ಉಳಿಯುತ್ತದೆ. ಜಲಾಲುದ್ದೀನರು ಕೂತಲ್ಲಿಂದಲೇ ಹಣೆಗೆ ಕೈ ಒಯ್ದು, "ಬರ್ರಿ ಬೀಗರ, ಬರ್ರಿ," ಎಂದರು.

ಜಾಫರಸಾಬರ ಹುಬ್ಬು ಏರಿತು.

"ಅಬ್ಬಾ, ಯಾಕ ನೆಲದ ಮ್ಯಾಲ ಕುಂತೀರಿ?" ಎಂದಳು ಖುಶನುಮಾ.

"ಗಾಡಿ ಅಂದ್ರ ಕುಂತ ನೋಡಬೇಕವ್ವ. ಬೀಗರ, ಆ ಬಾನೆಟ್ ಒಮ್ಮೆ ಒತ್ತಿ ನೋಡ್ರಿ."

ಜಾಫರಸಾಬರು ತಗ್ಗು ಬಿದ್ದ ಜಾಗವನ್ನು ಬಿಟ್ಟು ಬಾನೆಟ್ಟನ್ನು ಒತ್ತಿದರು. ಕಾರು ಒಮ್ಮೆ ಬಗ್ಗಿತು, ಎದ್ದಿತು, ನಿಂತಿತು. ಇನ್ನೊಮ್ಮೆ ಒತ್ತಿದರು. ಮತ್ತೆ ಹಾಗೆಯೇ ನಿಂತಿತು. ಅವರು ತಲೆದೂಗಿದರು.

"ಭೇಷ್ ಬೀಗರ, ಭಾಳ ಭೇಷ್. ನನ್ನ ಮಾತು ನಾ ಹಿಂದಕ್ಕ ತಗೊಂಡೆ. ನೀವು ಎರಡ ದಿನದಿಂದ ದುಡದು ದಣದೀರಿ ಕಾಣತೈತಿ. ಏಳ್ರಿ, ಕೈ ಕೊಡ್ರಿ," ಎಂದು ಮುಂದೆ ಬಂದು, ಬಗ್ಗಿ, ತಮ್ಮ ಎರಡೂ ಕೈ ಚಾಚಿದರು.

ಬಾಗಿಲಲ್ಲಿ ಬಂದು ನಿಂತ ಜೋಹರಾ ಗಂಡನ ಮುಖ ನೋಡಿದಳು, ಗಾಲಿ ನೋಡಿದಳು, ಗಾಲಿಯಡಿಯ ನೀಲಿ ಚೌಕಳಿ ಲುಂಗಿ ನೋಡಿದಳು. ಸೆರಗನ್ನು ಬಾಯಿಗಿಟ್ಟುಕೊಂಡು ಮೆಲ್ಲಗೆ ಕೇಳಿದಳು.

"ಜಾಕ್ ತರಲೇನ್ರಿ?"

"ಏನೂ ಬ್ಯಾಡ," ಎಂದರು ಜಲಾಲುದ್ದೀನರು, ಮಡಿಲ ಮೇಲೆ ಎರಡೂ ಕೈ ಊರಿಕೊಂಡು. "ನಿಮ್ಮ ಕೈಯೂ ಬ್ಯಾಡ್ರಿ ಬೀಗರ. ನಾಲಬಂದರು ಇನ್ನೊಬ್ಬರ ಕೈ ಹಿಡದು ಎದ್ದ ಮಂದಿ ಅಲ್ಲ. ನೀವೆಲ್ಲಾ ಒಳಗ ನಡೀರಿ, ಚಾ ಕುಡೀರಿ. ನಾ ಒಬ್ಬನ ಏಳ್ತೇನಿ. ಹೋಗೂ ಮುಂದ ಆ ಬಾಗಲಾ ಅಷ್ಟು ಮುಚ್ಚಕೊಂಡ ಹೋಗ್ರಿ."