ಶೇಷಪ್ಪನವರ ಮರೆವಿನ ದರ್ಜೆ

ಮರೆವಿಗೆ ಮೂರು ದರ್ಜೆಗಳಿವೆ. ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ಚಿರಸ್ಮೃತಿ ವಸತಿ ಆರೈಕೆ ಕೇಂದ್ರದ ನಿಯಮಾವಳಿಯ ಮೊದಲನೇ ಪುಟದಲ್ಲೇ ಇದನ್ನು ಸ್ಪಷ್ಟಪಡಿಸಲಾಗಿದೆ. ವಸ್ತುಗಳನ್ನು ಮರೆಯುವವರು ಒಂದನೇ ದರ್ಜೆ, ತಿಂಗಳಿಗೆ ಇಪ್ಪತ್ತೆರಡು ಸಾವಿರ. ದಿನ, ವಾರ, ದಾರಿ ಮರೆಯುವವರು ಎರಡನೇ ದರ್ಜೆ, ಇಪ್ಪತ್ತೆಂಟು ಸಾವಿರ. ಮನೆಯವರನ್ನು ಮರೆಯುವವರು ಮೂರನೇ ದರ್ಜೆ, ಮೂವತ್ತಾರು ಸಾವಿರ. ಡಯಾಪರ್, ಔಷಧಿ ಪ್ರತ್ಯೇಕ. ದರ್ಜೆ ತೀರ್ಮಾನಿಸಲು ಮೂರು ತಿಂಗಳಿಗೊಮ್ಮೆ ಹತ್ತು ಪ್ರಶ್ನೆಗಳ ಪರೀಕ್ಷೆ ಇರುತ್ತದೆ. ಏಳು ಅಥವಾ ಹೆಚ್ಚು ಅಂಕ ಬಂದರೆ ಒಂದನೇ ದರ್ಜೆ, ನಾಲ್ಕಕ್ಕಿಂತ ಕಡಿಮೆಯಾದರೆ ಮೂರನೇದು.

ಭದ್ರಾವತಿಯ ಶೇಷಪ್ಪನವರು ಈ ಕೇಂದ್ರಕ್ಕೆ ಸೇರಿದ್ದು ಎಪ್ಪತ್ತಾರನೇ ವಯಸ್ಸಿನಲ್ಲಿ. ಭದ್ರಾವತಿ–ಶಿವಮೊಗ್ಗ ಮಾರ್ಗದ ಖಾಸಗಿ ಬಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಕಂಡಕ್ಟರ್ ಆಗಿದ್ದವರು. ಮರೆವು ಹಿಡಿದ ಮೇಲೂ ದಿನಾ ಕಾಫಿ ಕುಡಿದು ಬಸ್‌ ಸ್ಟ್ಯಾಂಡಿಗೆ ಹೋಗಿ, ಸಿಕ್ಕಿದ ಬಸ್ ಹತ್ತಿ ಟಿಕೆಟ್ ಕೇಳುತ್ತಿದ್ದರು. ಆ ಮಾರ್ಗದ ಕಂಡಕ್ಟರುಗಳೆಲ್ಲ ಪರಿಚಯದವರೇ ಆದ್ದರಿಂದ, ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಗ ಪರಮೇಶನಿಗೆ ಫೋನ್ ಮಾಡುತ್ತಿದ್ದರು. ಪರಮೇಶ ಮೋಟರ್ ವೈಂಡಿಂಗ್ ಅಂಗಡಿಯ ಬಾಗಿಲು ಎಳೆದು ಹೋಗಿ ಕರೆದುಕೊಂಡು ಬರುತ್ತಿದ್ದ.

ಒಂದು ದಿನ ಅವರು ಶಿವಮೊಗ್ಗದಲ್ಲಿ ಬಸ್ ಬದಲಾಯಿಸಿಬಿಟ್ಟರು. ಆಯನೂರಿನ ಹತ್ತಿರ ಸಿಕ್ಕಿದಾಗ ಮಧ್ಯಾಹ್ನ ಎರಡು ಗಂಟೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಟಾರು ರಸ್ತೆಯ ಬಿಸಿಗೆ ಅಂಗಾಲು ಬೊಬ್ಬೆ ಎದ್ದಿತ್ತು. ಜೇಬಿನಲ್ಲಿ ಟಿಕೆಟ್ಟಿಗೆಂದು ಯಾರ್ಯಾರೋ ಕೊಟ್ಟ ಇನ್ನೂರ ಹತ್ತು ರೂಪಾಯಿ ಇತ್ತು.

ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸದಲ್ಲಿದ್ದ ಸೊಸೆ ಕವನ, ಮಾವನ ಕಾಲಿಗೆ ಮುಲಾಮು ಹಚ್ಚುತ್ತಾ ಗಂಡನಿಗೆ ಹೇಳಿದಳು. “ರೀ, ನಾನು ಕೆಲಸ ಬಿಟ್ರೆ ಮನೆ ನಡೆಯಲ್ಲ. ಬಿಡದಿದ್ರೆ ಮಾವ ಉಳಿಯಲ್ಲ.”

ಹಾಗೆ ಶೇಷಪ್ಪನವರು ಒಂದನೇ ದರ್ಜೆಯಲ್ಲಿ ದಾಖಲಾದರು. ಮೂರು ತಿಂಗಳಾದ ಮೇಲೆ ಪರಮೇಶನಿಗೆ ಕೇಂದ್ರದಿಂದ ಒಂದು ಪತ್ರ ಬಂತು.

“ಮಾನ್ಯರೇ, ತಮ್ಮ ತಂದೆಯವರು ಇತ್ತೀಚಿನ ಪರೀಕ್ಷೆಯಲ್ಲಿ ಐದು ಅಂಕ ಪಡೆದು ಎರಡನೇ ದರ್ಜೆಗೆ ಬಡ್ತಿ ಹೊಂದಿರುತ್ತಾರೆ ಎಂದು ತಿಳಿಸಲು ಹರ್ಷಿಸುತ್ತೇವೆ. ವ್ಯತ್ಯಾಸದ ಹಣವನ್ನು ಐದನೇ ತಾರೀಖಿನೊಳಗೆ ಪಾವತಿಸುವುದು.”

ಪರಮೇಶ ಪತ್ರ ಹಿಡಿದುಕೊಂಡು ವ್ಯವಸ್ಥಾಪಕ ಉಮಾಮಹೇಶ್ವರರ ಎದುರು ಕೂತ.

“ಸಾರ್, ಮರೆವು ಜಾಸ್ತಿ ಆದ್ರೆ ಖರ್ಚು ಯಾಕೆ ಜಾಸ್ತಿ ಆಗುತ್ತೆ? ಅಪ್ಪ ತಿನ್ನೋದು ಅಷ್ಟೇ ಅಲ್ವಾ?”

“ತಿಂದಿದ್ದನ್ನ ಮರೆತು ಮತ್ತೆ ಊಟ ಕೇಳ್ತಾರೆ,” ಎಂದರು ಉಮಾಮಹೇಶ್ವರ.

“ಮತ್ತೆ ಕೊಡ್ತೀರಾ?”

“ಇಲ್ಲ. ಆಗಲೇ ಆಯ್ತು ಅಂತ ಹೇಳೋದಕ್ಕೆ ಒಬ್ಬರನ್ನ ಇಟ್ಕೊಂಡಿದೀವಿ. ಅವರಿಗೆ ಸಂಬಳ ಕೊಡ್ಬೇಕಲ್ಲ.”

ಪರಮೇಶನಿಗೆ ಇದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಆರು ಸಾವಿರ ಹೊಂದಿಸುವ ದಾರಿ ಹುಡುಕಿದ್ದು ಕವನ. ಪ್ರಶ್ನೆಪತ್ರಿಕೆಯನ್ನು ಒಮ್ಮೆಗೇ ಎರಡು ಸಾವಿರ ಪ್ರತಿ ಅಚ್ಚು ಹಾಕಿಸಿದ್ದಾರೆ, ಆದ್ದರಿಂದ ಪ್ರತಿ ಸಲವೂ ಅವೇ ಹತ್ತು ಪ್ರಶ್ನೆ ಎಂಬುದನ್ನು ಅವಳು ಅಲ್ಲಿನ ಆಯಾ ಒಬ್ಬರಿಂದ ತಿಳಿದುಕೊಂಡಿದ್ದಳು.

“ಮಕ್ಕಳಿಗೆ ಟ್ಯೂಷನ್ ಹಾಕಲ್ವಾ? ಮಾವಂಗೂ ಹೇಳಿಕೊಡಿ,” ಅಂದಳು.

“ಹೇಳಿಕೊಟ್ಟಿದ್ದು ನೆನಪಿರಬೇಕಲ್ಲ ಮಾರಾಯ್ತಿ.”

“ನೀವೇನು ಪರೀಕ್ಷೆಗೆ ಓದಿದ್ದೆಲ್ಲ ನೆನಪಿಟ್ಕೊಂಡಿದೀರಾ? ಆ ಒಂದು ದಿನಕ್ಕೆ ಇದ್ರೆ ಸಾಕು.”

ಅಂದಿನಿಂದ ಪ್ರತಿ ಭಾನುವಾರ ಪರಮೇಶ ಅಂಗಡಿ ಮುಚ್ಚಿ ಶಿವಮೊಗ್ಗಕ್ಕೆ ಹೋಗತೊಡಗಿದ. ಕೇಂದ್ರದ ಊಟದ ಹಾಲಿನಲ್ಲಿ ಅಪ್ಪನನ್ನು ಎದುರು ಕೂರಿಸಿಕೊಂಡು ಹತ್ತೂ ಪ್ರಶ್ನೆ ಬಾಯಿಪಾಠ ಮಾಡಿಸುತ್ತಿದ್ದ. ಇದು ಯಾವ ಊರು, ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ನಿಮ್ಮ ಮಗನ ಹೆಸರೇನು. ಶೇಷಪ್ಪನವರು ಒಳ್ಳೆಯ ವಿದ್ಯಾರ್ಥಿ. ಮಗನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಅಪ್ಪ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಪರಮೇಶನೂ ನಗುತ್ತಿದ್ದ.

ಮುಂದಿನ ಪರೀಕ್ಷೆಯಲ್ಲಿ ಅವರಿಗೆ ಎಂಟು ಅಂಕ ಬಂತು. ದರ್ಜೆ ಇಳಿಯಿತು, ಶುಲ್ಕವೂ ಇಳಿಯಿತು. ಇದನ್ನು ನೋಡಿ ಉಳಿದ ನಿವಾಸಿಗಳ ಮಕ್ಕಳೂ ಭಾನುವಾರ ಬರತೊಡಗಿದರು. ಅಲ್ಲಿಯವರೆಗೆ ಹಬ್ಬಕ್ಕೊಮ್ಮೆ ಹಣ್ಣು ತಂದು ಹೋಗುತ್ತಿದ್ದ ದುರ್ಗಿಗುಡಿಯ ವಿಮಲಾ ಎಂಬಾಕೆ, ತನ್ನ ತಾಯಿ ಬಂಗಾರಮ್ಮನಿಗೆ ನೋಟ್‌ಬುಕ್ಕು, ಪೆನ್ಸಿಲ್ಲು ತಂದುಕೊಟ್ಟಳು. ಕೇಂದ್ರದ ಆದಾಯ ಕುಸಿಯುತ್ತಿರುವುದನ್ನು ಗಮನಿಸಿದ ಉಮಾಮಹೇಶ್ವರರು ಗೋಡೆಗೆ ಪ್ರಕಟಣೆ ಅಂಟಿಸಿದರು: “ನೆನಪಿಗೆ ಸಂಬಂಧಿಸಿದ ಚಟುವಟಿಕೆಗಳಿಗೆ ಹಾಲ್ ಬಾಡಿಗೆ ಗಂಟೆಗೆ ನೂರೈವತ್ತು. ಬರೀ ಕುಶಲೋಪರಿಗೆ ಬಾಡಿಗೆ ಇರುವುದಿಲ್ಲ.” ಎಲ್ಲರೂ ಬಾಡಿಗೆ ಕೊಟ್ಟರು. ಬರೀ ಕುಶಲೋಪರಿಗೆ ಯಾರಿಗೂ ಪುರುಸೊತ್ತಿರಲಿಲ್ಲ.

ಆ ಹೊತ್ತಿಗೆ ಜಿಲ್ಲಾ ಮರೆವು ನೆರವು ಘಟಕ ಎಂಬ ಹೊಸ ಕಚೇರಿ, ಮರೆವುಳ್ಳ ಹಿರಿಯರಿಗೆ ತಿಂಗಳಿಗೆ ಎಂಟು ಸಾವಿರ ನೆರವು ಘೋಷಿಸಿತು. ಅದಕ್ಕೂ ಅದೇ ಹತ್ತು ಪ್ರಶ್ನೆ. ಆದರೆ ಅಲ್ಲಿ ನಾಲ್ಕಕ್ಕಿಂತ ಕಡಿಮೆ ಅಂಕ ಬಂದವರಿಗೆ ಮಾತ್ರ ಹಣ. ಕೇಂದ್ರದ ಪರೀಕ್ಷೆ ಸೋಮವಾರ, ಘಟಕದ ಪರೀಕ್ಷೆ ಗುರುವಾರ ಎಂದು ಗೊತ್ತಾಯಿತು. ಅಂದರೆ ಶೇಷಪ್ಪನವರು ಸೋಮವಾರ ನೆನಪಿಟ್ಟುಕೊಂಡು ಗುರುವಾರದೊಳಗೆ ಮರೆಯಬೇಕಿತ್ತು. ಸೋಮವಾರದ್ದು ಸಲೀಸಾಗಿ ಮುಗಿಯಿತು. ಬುಧವಾರ ಪರಮೇಶ ಅಂಗಡಿ ಮುಚ್ಚಿ ಬಂದ.

“ನಾಳೆ ಏನು ಕೇಳಿದ್ರೂ ಗೊತ್ತಿಲ್ಲ ಅನ್ಬೇಕು.”

“ಗೊತ್ತಿದ್ರೆ?” ಎಂದರು ಶೇಷಪ್ಪ.

“ಗೊತ್ತಿದ್ರೂ.”

“ಎಂಥ ಮೇಷ್ಟ್ರು ಮಾರಾಯ್ರೇ ನೀವು,” ಎಂದು ಅವರು ಬೇಸರಪಟ್ಟುಕೊಂಡರು.

ಗುರುವಾರ ಘಟಕದ ಅಧಿಕಾರಿ ದಿವ್ಯಶ್ರೀ ಬಂದರು. ಶೇಷಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಗೊತ್ತಿಲ್ಲ ಎನ್ನಬೇಕು ಎಂಬುದೊಂದನ್ನು ಮಾತ್ರ ಮರೆತಿದ್ದರು. ನೂರರಿಂದ ಏಳೇಳು ಕಳೆಯಿರಿ ಎಂದಾಗ ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಉಸಿರು ಬಿಡದೆ ಇಳಿಯುತ್ತಾ ಎರಡಕ್ಕೆ ಬಂದು ನಿಂತರು.

“ಎರಡು ರೂಪಾಯಿ ಚಿಲ್ಲರೆ ಇಲ್ಲಮ್ಮ. ಇಳಿಯುವಾಗ ಕೇಳಿ,” ಎಂದರು.

ದಿವ್ಯಶ್ರೀ ಒಂದು ಅಂಕ ಬರೆದುಕೊಂಡರು. “ನಿಮ್ಮ ಮಗನ ಹೆಸರು?”

“ಪರಮೇಶ್.”

“ಇವರೇನಾ?” ಎಂದು ಪಕ್ಕದಲ್ಲಿದ್ದವನ ಕಡೆ ಪೆನ್ನು ತೋರಿಸಿದರು.

“ಅಯ್ಯೋ, ಇವರು ನಮ್ಮ ಮೇಷ್ಟ್ರು. ಪರಮೇಶ್ ಭದ್ರಾವತೀಲಿ ಮೋಟರ್ ರಿಪೇರಿ ಮಾಡ್ತಾನೆ. ಅವನಿಗೆ ಬಿಡುವೆಲ್ಲಿ? ಈ ಮೇಷ್ಟ್ರು ಮಾತ್ರ ಒಂದು ಭಾನುವಾರನೂ ತಪ್ಪಿಸಿಲ್ಲ ನೋಡಿ. ಮಗ ಇದ್ರೆ ಹೀಗಿರಬೇಕು.”

ಪರಮೇಶ ಸ್ವಲ್ಪ ಹೊತ್ತು ಫ್ಯಾನು ನೋಡಿದ. ದಿವ್ಯಶ್ರೀ ಕೂಡ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಆಮೇಲೆ ಒಟ್ಟು ಎಂಟು ಅಂಕ ಎಂದು ನಮೂದಿಸಿದರು.

“ಮೇಡಂ, ನಾನು ಯಾರು ಅಂತಾನೇ ಅವರಿಗೆ ಗೊತ್ತಿಲ್ಲ,” ಅಂದ ಪರಮೇಶ.

“ಹೆಸರು ಸರಿ ಹೇಳಿದಾರೆ. ಮುಖಕ್ಕೆ ಕಾಲಂ ಇಲ್ಲ.” ಅವರು ನಿಯಮಗಳ ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. ನಲವತ್ತೊಂದನೇ ಪುಟದಲ್ಲಿ ಬೆರಳಿಟ್ಟರು. “ಒಂದು ದಾರಿ ಇದೆ. ಮರೆವುಳ್ಳವರಿಗೆ ಪಾಠ ಹೇಳೋರಿಗೆ ತಿಂಗಳಿಗೆ ಎಂಟು ಸಾವಿರ ಗೌರವಧನ. ಆದ್ರೆ ರಕ್ತಸಂಬಂಧಿ ಆಗಿರಬಾರದು.”

“ನಾನು ಮಗ ಮೇಡಂ.”

“ಅದನ್ನ ನೀವು ಹೇಳಿದ್ರೆ ಆಗಲ್ಲ. ಫಲಾನುಭವಿ ಹೇಳ್ಬೇಕು. ಅವರು ಈಗ ತಾನೇ ಹೇಳಿದ್ರಲ್ಲ.”

ಪರಮೇಶ ಹೊರಗೆ ಹೋಗಿ ಕವನಳಿಗೆ ಫೋನ್ ಮಾಡಿದ.  ಎಲ್ಲ ಕೇಳಿಸಿಕೊಂಡು ಅವಳು, “ಮಾವ ಇವತ್ತು ಊಟ ಮಾಡಿದ್ರಾ?” ಎಂದು ಮಾತ್ರ ಕೇಳಿದಳು. ಮಾಡಿದರು ಎಂದು ಹೇಳಿ ಒಳಗೆ ಬಂದ.

ಪ್ರಮಾಣಪತ್ರ ಸಿದ್ಧವಾಯಿತು. “ಸದರಿ ಪರಮೇಶ್ ಎಂಬುವರಿಗೂ ನನಗೂ ಯಾವುದೇ ರಕ್ತಸಂಬಂಧ ಇರುವುದಿಲ್ಲ.” ಶೇಷಪ್ಪನವರು ಅದನ್ನು ಪೂರ್ತಿ ಓದಿ, ನಿಮ್ಮ ಹೆಸರೂ ಪರಮೇಶಾ ಎಂದು ಕೇಳಿ, ಮೇಷ್ಟ್ರಿಗೆ ಉಪಕಾರವಾಗುವುದಾದರೆ ಆಗಲಿ ಎಂದು ದುಂಡನೆಯ ಅಕ್ಷರದಲ್ಲಿ ರುಜು ಹಾಕಿದರು.

“ಒಂದು ಷರತ್ತಿದೆ,” ಎಂದರು ದಿವ್ಯಶ್ರೀ. “ಮುಂದೆ ಯಾವತ್ತಾದ್ರೂ ಅವರು ನಿಮ್ಮನ್ನ ಮಗ ಅಂತ ಗುರುತು ಹಿಡಿದ್ರೆ ಏಳು ದಿನದೊಳಗೆ ತಿಳಿಸ್ಬೇಕು. ಅಲ್ಲೀವರೆಗೆ ತಗೊಂಡ ಹಣ ಪೂರ್ತಿ ವಾಪಸ್ ಕಟ್ಬೇಕು.”

“ಕಟ್ತೀನಿ ಮೇಡಂ,” ಅಂದ ಪರಮೇಶ. “ಅಂಗಡಿ ಮಾರಿಯಾದ್ರೂ ಕಟ್ತೀನಿ. ಬಡ್ಡಿ ಸೇರಿಸಿ.”

ಬಡ್ಡಿಗೆ ನಿಯಮದಲ್ಲಿ ಅವಕಾಶವಿಲ್ಲದ ಕಾರಣ ಆ ಮಾತನ್ನು ದಾಖಲಿಸಲಿಲ್ಲ.

ಸದ್ಯ ಚಿರಸ್ಮೃತಿಯಲ್ಲಿ ಭಾನುವಾರ ಹನ್ನೊಂದು ಮಂದಿ ಪಾಠ ಮಾಡುತ್ತಾರೆ. ಹನ್ನೊಂದೂ ಮಂದಿ ಸಂಬಂಧವಿಲ್ಲದವರೆಂದು ದೃಢಪಟ್ಟವರು. ವಿಮಲಾ ತನ್ನ ತಾಯಿಯನ್ನು ಬಂಗಾರಮ್ಮನವರೇ ಎಂದು ಬಹುವಚನದಲ್ಲೇ ಮಾತಾಡಿಸುತ್ತಾಳೆ. ಕೇಂದ್ರ ಶುಲ್ಕವನ್ನು ಎಂಟು ಸಾವಿರ ಏರಿಸಿರುವುದರಿಂದ ಲೆಕ್ಕ ಮೊದಲಿದ್ದಲ್ಲಿಗೇ ಬಂದಿದೆ. ಇದಕ್ಕೆ ಯಾರದೂ ಆಕ್ಷೇಪಣೆ ಬಂದಿಲ್ಲ.